ಕಿಟ್ಟುವಿನ ಕಾರಿಗೆ ಬೆಳಗಿನ ಜ್ವರ

ಮನುಷ್ಯನ ಕೈಯಲ್ಲಿ ಒಂದು ಸಲ ಮಿಕ್ಸಿ ರಿಪೇರಿಯಾಗಿಬಿಟ್ಟರೆ ಆಮೇಲೆ ಅವನನ್ನು ದೇವರೂ ಕಾಪಾಡಲಾರ. ಮದರಾಸಿನ ನುಂಗಂಬಾಕ್ಕಂನ ಹಳೆಯ ಅಪಾರ್ಟ್‌ಮೆಂಟೊಂದರ ಮೊದಲ ಮಹಡಿಯಲ್ಲಿರುವ ಕಿಟ್ಟುವಿಗೆ ಆದದ್ದು ಅದೇ. ಏಳು ವರ್ಷದ ಕೆಳಗೆ ಅವನ ಮನೆಯ ಮಿಕ್ಸಿ ಚಟ್ನಿಯ ಮಧ್ಯದಲ್ಲಿ ನಿಂತುಹೋಯಿತು. ಕಿಟ್ಟು ಅದನ್ನು ಮಗುಚಿ, ತಳದಲ್ಲಿದ್ದ ಕೆಂಪು ಗುಂಡಿಯನ್ನು ಒತ್ತಿದ. ಮಿಕ್ಸಿ ತಿರುಗಿತು. ಅದರ ಜೊತೆಗೆ ಕಿಟ್ಟುವಿನ ತಲೆಯೂ ತಿರುಗಿತು. ಇನ್ಶೂರೆನ್ಸ್ ಕಂಪನಿಯಲ್ಲಿ ಅವನದು ಕಾಗದಪತ್ರ ನೋಡುವ ಕೆಲಸ; ಆದರೆ ತನ್ನೊಳಗೆ ಒಬ್ಬ ಇಂಜಿನಿಯರು ಕೂತಿದ್ದಾನೆ, ಕಾಲೇಜಿನವರಿಗೆ ಕಾಣಿಸಲಿಲ್ಲ ಅಷ್ಟೇ ಎಂದು ಅವನು ಅಂದಿನಿಂದ ನಂಬಿಕೊಂಡ. ಮನೆಯಲ್ಲಿ ಏನು ಕೆಟ್ಟರೂ ರಿಪೇರಿಯವನನ್ನು ಕರೆಯುವ ಅಧಿಕಾರ ಹೆಂಡತಿ ಹರಿಪ್ರಿಯಾಳಿಗೆ ಆವತ್ತೇ ತಪ್ಪಿತು.

ಈ ವರ್ಷ ಅವನ ಕಾರಿಗೆ ಹದಿನೈದು ತುಂಬಿತು. ಹುಡುಗರಿಗೆ ಹದಿನೈದು ತುಂಬಿದರೆ ಮೀಸೆ ಬರುತ್ತದೆ, ಕಾರಿಗೆ ತುಂಬಿದರೆ ಎಫ್.ಸಿ. ಬರುತ್ತದೆ. ಗಾಡಿ ಇನ್ನೂ ಓಡಲು ಯೋಗ್ಯವೆಂಬ ಆ ಸರ್ಟಿಫಿಕೇಟಿಗಾಗಿ ಅದನ್ನು ಆರ್.ಟಿ.ಓ. ಮೈದಾನಕ್ಕೆ ಒಯ್ದು, ಬ್ರೇಕ್ ಇನ್ಸ್‌ಪೆಕ್ಟರ್ ಎಂಬ ಅಧಿಕಾರಿಯ ಎದುರು ನಿಲ್ಲಿಸಬೇಕು. ಆತ ಹಾರನ್ ಹೊಡೆದು, ದೀಪ ಉರಿಸಿ, ಮೀಟರು ಓದಿ, ತಲೆಯಾಡಿಸಿದರೆ ಇನ್ನು ಐದು ವರ್ಷ ಆಯುಸ್ಸು. ಆಡಿಸದಿದ್ದರೆ ಗುಜರಿ. ಕಿಟ್ಟುವಿಗೆ ಬಂದದ್ದು ಜೂನ್ ತಿಂಗಳ ಒಂದು ಶುಕ್ರವಾರ. ಬ್ರೋಕರೂ ಬೇಡ, ಮೆಕ್ಯಾನಿಕ್ಕೂ ಬೇಡ, ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆಂದು ಅವನು ಕಟ್ಟಡದ ಹನ್ನೆರಡು ಮನೆಗೂ ತಿಳಿಯುವಂತೆ ಸಾರಿದ್ದ.

ಹಾಗೆ ಸಾರಿದ ಮರುವಾರವೇ ಕಾರಿಗೆ ಜ್ವರ ಬಂತು.

ಕಿಟ್ಟು ದಿನಾ ಬೆಳಗ್ಗೆ ಐದೂಮುಕ್ಕಾಲಕ್ಕೆ ಕಾರಿನಲ್ಲಿ ಮರೀನಾ ಬೀಚಿಗೆ ಹೋಗಿ, ಅರ್ಧ ಗಂಟೆ ನಡೆದು, ಏಳೂಕಾಲಕ್ಕೆ ವಾಪಸು ತಂದು ಅಂಗಳದಲ್ಲಿ ನಿಲ್ಲಿಸುವವನು. ಆಮೇಲೆ ಆಫೀಸಿಗೆ ಬಸ್ಸು. ಆವತ್ತು ಕೀಲಿ ತಿರುಗಿಸಿದರೆ ಸ್ಟಿಯರಿಂಗಿನ ಹಿಂದಿನ ಡಿಸ್‌ಪ್ಲೇಯಲ್ಲಿ ಸಾಲಾಗಿ ಎಂಟು, ಎಂಟು, ಎಂಟು. ಗಡಿಯಾರದಲ್ಲಿ ಎಂಟು, ಕಿಲೋಮೀಟರಿನಲ್ಲಿ ಎಂಟು. ಪೆಟ್ರೋಲಿನ ಕಡ್ಡಿಗಳು ಒಂದು ಸಲ ತುಂಬಿ ಒಂದು ಸಲ ಬರಿದಾದವು. ನಾಲ್ಕು ಬಾಗಿಲೂ ಮುಚ್ಚಿದ್ದರೂ ಬಾಗಿಲು ತೆರೆದಿದೆಯೆಂದು ಕುಂಯ್ ಕುಂಯ್ ಶುರುವಾಯಿತು. ಮರೀನಾ ಮುಟ್ಟುವವರೆಗೆ ಆ ಸದ್ದು ಬಿಡಲಿಲ್ಲ. ವಾಪಸು ಬರುವಾಗ ಎಲ್ಲವೂ ತಾನಾಗಿ ಸರಿಯಾಯಿತು, ಏನೂ ಆಗದವರ ಹಾಗೆ.

ಮರುದಿನವೂ ಅದೇ. ಅದರ ಮರುದಿನವೂ. ಕಿಟ್ಟು ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದ. ರಿಚ್ಚೀ ಸ್ಟ್ರೀಟಿಗೆ ಹೋಗಿ ಹಳದಿ ಬಣ್ಣದ ಮಲ್ಟಿಮೀಟರ್ ತಂದು, ಅದರ ಕೆಂಪು ಕಡ್ಡಿಯನ್ನು ಅಲ್ಲಲ್ಲಿ ಚುಚ್ಚಿ, ನಾಡಿ ಹಿಡಿದ ವೈದ್ಯರಂತೆ ಹುಬ್ಬು ಗಂಟಿಕ್ಕಿದ. ಕೊನೆಗೆ ಮರ್ಯಾದೆ ಬಿಟ್ಟು, ಭಾನುವಾರ ಮೆಕ್ಯಾನಿಕ್ ಏಳುಮಲೈಯ ಷೆಡ್ಡಿಗೆ ಹೋದ. ಏಳುಮಲೈ ಕೀಲಿ ತಿರುಗಿಸಿದ. ಡಿಸ್‌ಪ್ಲೇ ಮದುವಣಗಿತ್ತಿಯ ಹಾಗೆ ಬೆಳಗಿತು. ಗಾಡಿಗೆ ಏನೂ ಆಗಿಲ್ಲ, ನಿಮಗೇ ಒಂದು ಸಲ ಬಿ.ಪಿ. ನೋಡಿಸಿ ಎಂದು ಅವನು ತಮಿಳಿನಲ್ಲಿ ವಿನಯವಾಗಿಯೇ ಹೇಳಿದ. ಒಳಗೆಲ್ಲಾದರೂ ನೀರು ಹೋಗಿದೆಯೇ ಎಂದೂ ಕೇಳಿದ. ಮದರಾಸಿನಲ್ಲಿ ಮಳೆ ಬಿದ್ದು ಐದು ತಿಂಗಳಾಗಿದೆ, ಮೇ ತಿಂಗಳ ಈ ಕತ್ತರಿ ಬಿಸಿಲಲ್ಲಿ ಬಾವಿಯಲ್ಲೇ ನೀರಿಲ್ಲ, ಡ್ಯಾಶ್‌ಬೋರ್ಡಿಗೆ ಎಲ್ಲಿಂದ ಬರಬೇಕೆಂದು ಕಿಟ್ಟು ಅವನಿಗೇ ಪಾಠ ಹೇಳಿ ಬಂದ.

ಇಷ್ಟರಲ್ಲಿ ಕೆಳಮನೆಯ ದಿನೇಶ್ ಮರುಗತೊಡಗಿದ. ಮಂಡ್ಯದ ಕಡೆಯವನು, ಎರಡು ವರ್ಷದಿಂದ ಈ ಊರು, ಮನೆಯಿಂದಲೇ ಕೆಲಸ. ಅವನ ಹೊಸ ಕಾರು ಬೀದಿಯಲ್ಲಿ ನಿಲ್ಲುತ್ತದೆ, ಏಕೆಂದರೆ ಅಂಗಳದಲ್ಲಿ ಜಾಗವಿಲ್ಲ. ಕಿಟ್ಟುವಿನ ಕಾರು ಗುಜರಿಗೆ ಹೋದರೆ ಜಾಗವಾಗುತ್ತದೆ. ಆದ್ದರಿಂದ ಅವನ ಮರುಕಕ್ಕೆ ಒಂದು ಆಳವಿತ್ತು.

"ನಿಮ್ಮ ಕಾರ್ ಹೋದ್ರೆ ನಂಗೆ ಭಾಳ ಬೇಜಾರಾಯ್ತದೆ ಸಾರ್," ಎನ್ನುತ್ತ ಅವನು ಕಾರಿನ ಉದ್ದಕ್ಕೂ ಹೆಜ್ಜೆ ಎಣಿಸಿದ. ಹದಿನಾಲ್ಕು ಬಂತು. ಅವನ ಕಾರಿಗೆ ಹದಿಮೂರೂವರೆ ಸಾಕಾಗಿತ್ತು.

ಕಿಟ್ಟು ಸೋಲೊಪ್ಪುವ ಪೈಕಿಯಲ್ಲ. ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಚಾರ್ಟು ಮಾಡಿದ. ತಾರೀಖು, ವಾರ, ಹೊತ್ತು, ಎಂಟು ಬಂತೋ ಇಲ್ಲವೋ. ಎರಡು ವಾರವಾಗುವಷ್ಟರಲ್ಲಿ ಚಾರ್ಟಿನಿಂದ ಒಂದು ಸತ್ಯ ಎದ್ದು ಕೂತಿತು. ಮಂಗಳವಾರದಿಂದ ಶನಿವಾರದವರೆಗೆ ಬೆಳಗ್ಗೆ ಜ್ವರ. ಭಾನುವಾರ, ಸೋಮವಾರ ಆರೋಗ್ಯ. ಅಂದರೆ ಶನಿವಾರ, ಭಾನುವಾರ ರಜೆ ತೆಗೆದುಕೊಳ್ಳುವ ಏನೋ ಒಂದು ಶಕ್ತಿ ಉಳಿದ ಐದು ದಿನ ಈ ಕಾರನ್ನು ಕಾಡುತ್ತಿದೆ. ನುಂಗಂಬಾಕ್ಕಂನಲ್ಲಿ ವಾರಕ್ಕೆ ಎರಡು ದಿನ ಕಟ್ಟುನಿಟ್ಟಾಗಿ ರಜೆ ತೆಗೆದುಕೊಳ್ಳುವವರು ಯಾರು? ಕಿಟ್ಟು ಬಾಲ್ಕನಿಗೆ ಬಂದು ಸುತ್ತ ನೋಡಿದ. ಹಿಂದಿನ ಬೀದಿಯಲ್ಲಿ ಯಾವುದೋ ಪುಟ್ಟ ದೇಶದ ಕಾನ್ಸುಲೇಟು. ಅದರ ಬಾವುಟ ಯಾವ ದೇಶದ್ದೆಂದು ಬೀದಿಯವರಿಗೆ ಇವತ್ತಿಗೂ ಗೊತ್ತಿಲ್ಲ. ಅದರ ಮಾಳಿಗೆಯ ಮೇಲೆ ಕಂಬಿ ಕಂಬಿಯಾಗಿ ಆಂಟೆನಾ. ಮುಖ ನೇರವಾಗಿ ಕಿಟ್ಟುವಿನ ಕಾರಿನ ಕಡೆಗೆ.

ಊಟಕ್ಕೆ ಕೂತಾಗ ಅವನು ಈ ಸಂಶೋಧನೆಯನ್ನು ಮನೆಯವರ ಮುಂದಿಟ್ಟ. ಹರಿಪ್ರಿಯಾ ಸಾರು ಬಡಿಸುತ್ತ, ಬೇರೆ ದೇಶದವರಿಗೆ ನಿಮ್ಮ ಪೆಟ್ರೋಲ್ ಕಡ್ಡಿ ಮೇಲೆ ಏನು ದ್ವೇಷ ಎಂದು ಕೇಳಿದಳು. ಕಿಟ್ಟುವಿನ ತಾಯಿ ಜಾನಕಮ್ಮ, ಎಂಬತ್ತೊಂದು ವರ್ಷ, ಮಡಿಯಲ್ಲಿ ದೂರ ಕೂತು ಎಲೆಗೆ ಮಜ್ಜಿಗೆ ಹಾಕಿಸಿಕೊಳ್ಳುತ್ತಿದ್ದವರು, ಪಾಪ, ಕಾರನ್ನು ಬೈಯಬೇಡ, ಅದು ಒಳ್ಳೇ ಕಾರು ಎಂದಷ್ಟೇ ಹೇಳಿದರು. ಯಾರಿಗೂ ಆ ಮಾತು ವಿಶೇಷವೆನಿಸಲಿಲ್ಲ.

ಸೋಮವಾರ ಕಿಟ್ಟು ಅರ್ಧ ದಿನ ರಜೆ ಹಾಕಿ, ಚಾರ್ಟನ್ನು ಸುರುಳಿ ಸುತ್ತಿಕೊಂಡು ಕಾನ್ಸುಲೇಟಿಗೆ ಹೋದ. ಬಾಗಿಲಲ್ಲಿದ್ದ ಕಾವಲಿನವನು ಮಾತೇ ಕೇಳದೆ ಕೈಗೊಂದು ಟೋಕನ್ ತುರುಕಿ ಸಾಲಿಗೆ ತಳ್ಳಿದ. ಮುಂದೆ ಇಪ್ಪತ್ತು ಹುಡುಗರು, ಓದಲು ಹೋಗುವವರು, ಒಬ್ಬೊಬ್ಬರ ಹಿಂದೆ ಅಳುಮುಖದ ಅಪ್ಪ ಅಮ್ಮ. ಒಂದೂವರೆ ಗಂಟೆಯ ಮೇಲೆ ಒಂದು ಫಾರಂ ಸಿಕ್ಕಿತು. ಅದನ್ನು ತುಂಬಿಸದೆ ಕೌಂಟರಿಗೆ ಬಿಡುವುದಿಲ್ಲವಂತೆ. ಹೆಸರು ಬರೆದ, ವಯಸ್ಸು ಐವತ್ತನಾಲ್ಕು ಬರೆದ. ಪ್ರಯಾಣದ ಉದ್ದೇಶ ಎಂಬಲ್ಲಿ, ಸುಳ್ಳು ಬರೆಯಬಾರದೆಂದು, 'ಡ್ಯಾಶ್‌ಬೋರ್ಡ್' ಎಂದು ಬರೆದ.

ಕೌಂಟರಿನಲ್ಲಿದ್ದ ಮಧುರಾ ಎಂಬ ಹುಡುಗಿ ಅದನ್ನು ಎರಡು ಸಲ ಓದಿ, ಅಲ್ಲಿ ಎಷ್ಟು ದಿನ ಇರುವ ಯೋಚನೆ ಎಂದು ಕೇಳಿದಳು. ಕಿಟ್ಟು ಚಾರ್ಟು ಬಿಚ್ಚಿದ. ಅದು ಪಕ್ಕದ ಕೌಂಟರಿನವರೆಗೂ ಹಾಸಿಕೊಂಡಿತು. ಅವಳು ಒಳಗಿನಿಂದ ಒಬ್ಬ ಬಿಳಿಯ ಅಧಿಕಾರಿಯನ್ನು ಕರೆತಂದಳು. ಆತ ಬೆವರು ಒರೆಸಿಕೊಳ್ಳುತ್ತ, ಮಂಗಳವಾರದಿಂದ ಶನಿವಾರದವರೆಗಿನ ಕಥೆಯನ್ನೆಲ್ಲ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ. ಆಮೇಲೆ ಹೇಳಿದ: ಮಾಳಿಗೆಯ ಮೇಲಿರುವುದು ಆಂಟೆನಾ ಅಲ್ಲ, ಪಾರಿವಾಳ ಕೂರದಿರಲೆಂದು ಕಟ್ಟಿಸಿದ ಕಂಬಿ, ಆದರೂ ಪಾರಿವಾಳ ಕೂರುತ್ತವೆ, ಅದಕ್ಕೆ ನಿಮ್ಮಲ್ಲಿ ಏನಾದರೂ ಉಪಾಯವಿದ್ದರೆ ತಿಳಿಸಿ. ಬರಿಗೈಯಲ್ಲಿ ಕಳಿಸಬಾರದೆಂದು ತನ್ನ ದೇಶದ ಹಿಮಬೆಟ್ಟಗಳ ಚಿತ್ರವಿರುವ ಒಂದು ಬಣ್ಣದ ಪುಸ್ತಕವನ್ನೂ ಕೊಟ್ಟ.

ಕಿಟ್ಟು ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಬೀಳುವುದನ್ನು ಕಟ್ಟಡದ ಒಬ್ಬರು ನೋಡಿದರು. ಒಬ್ಬರು ನೋಡಿದರೆ ಸಾಕು. ಸಂಜೆ ಅವನು ಆಫೀಸಿನಿಂದ ಬರುವ ಹೊತ್ತಿಗೆ ಅವನು ದೇಶ ಬಿಟ್ಟಾಗಿತ್ತು. ಅಸೋಸಿಯೇಷನ್ ಸೆಕ್ರೆಟರಿ ಕೈಕುಲುಕಿ, ಹೋಗುವ ಮೊದಲು ಲಿಫ್ಟಿನ ಬಾಬ್ತು ಬಾಕಿ ಹಣ ಮರೆಯಬೇಡಿ ಎಂದರು. ಎದುರುಮನೆಯವರು ಅಲ್ಲಿ ಹುಣಸೆಹಣ್ಣು ಸಿಗುವುದಿಲ್ಲವಂತೆ, ಹೊತ್ತುಕೊಂಡು ಹೋಗಿ ಎಂದರು. ಟಿ. ನಗರದಿಂದ ಹರಿಪ್ರಿಯಾಳ ಅಣ್ಣ ಫೋನು ಮಾಡಿ, ಈ ವಯಸ್ಸಿನಲ್ಲಿ ಹೆತ್ತ ತಾಯಿಯನ್ನು ಬಿಟ್ಟು ಹಿಮದಲ್ಲಿ ಯಾರ ಜೊತೆ ಇರಲು ಹೊರಟಿದ್ದಾನೆಂದು ವಿಚಾರಿಸಿದ. 'ಯಾರ ಜೊತೆ' ಎನ್ನುವುದನ್ನು ಬಿಡಿಸಿ ಬಿಡಿಸಿ ಕೇಳಿದ. ಹರಿಪ್ರಿಯಾ ಫೋನನ್ನು ಗಂಡನ ಕೈಗೆ ಕೊಟ್ಟಳು. ದಿನೇಶ್ ಮಾತ್ರ ಏನೂ ಕೇಳಲಿಲ್ಲ. ಅಂಗಳದಲ್ಲಿ ಸೀಮೆಸುಣ್ಣದಿಂದ ಸಣ್ಣದಾಗಿ ಒಂದು ಗೆರೆ ಎಳೆದಿದ್ದ.

ಆ ಗೆರೆ ನೋಡಿ ಕಿಟ್ಟುವಿನ ತಾಳ್ಮೆಯ ಕಟ್ಟೆ ಒಡೆಯಿತು. ಎಫ್.ಸಿ.ಗೆ ಉಳಿದದ್ದು ನಾಲ್ಕು ದಿನ. ಬುಧವಾರ ಅವನು ಎಂದಿನಂತೆ ಊಟದ ಡಬ್ಬಿ ಹಿಡಿದು, ಎಂದಿನಂತೆ ಬರುತ್ತೇನೆಂದು ಹೇಳಿ, ಮೆಟ್ಟಿಲಿಳಿದು ಬಸ್‌ಸ್ಟಾಪಿಗೆ ಹೋಗುವ ಬದಲು ದಿನೇಶನ ಮನೆಗೆ ನುಗ್ಗಿದ. ಅವನ ಕಿಟಕಿ ನೇರ ಕಾರಿಗೆ ತೆರೆಯುತ್ತದೆ. ಇವತ್ತು ಸಂಜೆಯವರೆಗೆ ಇಲ್ಲೇ ಕೂರುತ್ತೇನೆ, ಯಾವ ನನ್ಮಗ ಬಂದು ನನ್ನ ಕಾರು ಮುಟ್ಟುತ್ತಾನೋ ನೋಡೇ ಬಿಡುತ್ತೇನೆ ಎಂದ. ದಿನೇಶ್ ಕಾಫಿ ಕೊಟ್ಟ. ಅವನಿಗೂ ಸ್ವಲ್ಪ ಭಯವಿತ್ತು, ಏಕೆಂದರೆ ಸೀಮೆಸುಣ್ಣ ಅವನ ಜೇಬಿನಲ್ಲೇ ಇತ್ತು.

ಒಂಬತ್ತೂ ಹತ್ತಕ್ಕೆ ಲಿಫ್ಟಿನ ಬಾಗಿಲು ತೆರೆಯಿತು. ಹೊರಗೆ ಬಂದವರು ಜಾನಕಮ್ಮ. ಒಂದು ಕೈಯಲ್ಲಿ ಹಿತ್ತಾಳೆ ಬಕೀಟು. ಇನ್ನೊಂದು ಕೈಯಲ್ಲಿ ಮಡಿಕೋಲು, ಕಂಕುಳಲ್ಲಿ ಸುತ್ತಿದ ಬಾಳೆಲೆ. ಅವರು ಅತ್ತಿತ್ತ ನೋಡಿ, ಸೆರಗಿನ ಗಂಟಿನಿಂದ ಕಾರಿನ ಎರಡನೇ ಕೀಲಿ ಬಿಚ್ಚಿದರು. ಆಯುಧಪೂಜೆಯಲ್ಲಿ ದೇವರ ಮುಂದಿಟ್ಟ ಕೀಲಿ ಅದು, ಆಮೇಲೆ ಯಾರೂ ಎತ್ತಿರಲಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಬಾಗಿಲು ತೆರೆದು, ಡ್ಯಾಶ್‌ಬೋರ್ಡಿನ ಮೇಲೆ ಉದ್ದಕ್ಕೆ ಬಾಳೆಲೆ ಹಾಸಿದರು. ಬಿಸಿಲಿಗೆ ಅಡ್ಡ ಇಳಿಸುವ ಎರಡು ಹಲಗೆಗಳ ಮೇಲೆ ಕೋಲು ಇಟ್ಟರು. ಬಕೀಟಿನಿಂದ ಹಿಂಡಿದ ಒಂಬತ್ತು ಗಜದ ಸೀರೆ ತೆಗೆದು, ಮಡಿಸಿ ಮಡಿಸಿ ಕೋಲಿನ ಮೇಲೆ ಇಳಿಬಿಟ್ಟರು. ಅಂಚು ಸರಿಯಾಗಿ ಮೀಟರಿನ ಗಾಜಿನ ಮೇಲೆ ಬಂದು ಕೂತಿತು. ಅದರ ತುದಿಯಿಂದ ಒಂದೊಂದೇ ಹನಿ.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನನ್ನು ಗಾದೆಯಲ್ಲಿ ಕೇಳಿದ್ದೇವೆ. ಮನೆಯಲ್ಲೇ ಕಾರಣ ಇಟ್ಟುಕೊಂಡು ಪರದೇಶದ ಕಚೇರಿಗೆ ಅರ್ಜಿ ಕೊಟ್ಟವನು ಕಿಟ್ಟು ಒಬ್ಬನೇ. ಅವನು ಕಾಫಿಲೋಟ ಹಿಡಿದೇ ಅಂಗಳಕ್ಕೆ ಓಡಿದ.

"ದೂರ ನಿಲ್ಲೋ," ಎಂದರು ಜಾನಕಮ್ಮ, ತಿರುಗಿ ನೋಡದೆ. "ಮಡೀಲಿದೀನಿ."

ಕೋಪ ಮುಂದಕ್ಕೆ ಹೋಯಿತು, ಕಾಲು ಅಲ್ಲೇ ನಿಂತಿತು. ಐವತ್ತನಾಲ್ಕು ವರ್ಷದ ಅಭ್ಯಾಸ. ಮೂರು ಮಾರು ದೂರದಲ್ಲಿ ನಿಂತು ಕಿಟ್ಟು ಕೇಳಿದ, "ಅಮ್ಮಾ, ಎಷ್ಟು ದಿವಸದಿಂದ ನಡೀತಿದೆ ಇದು?"

"ಮೇಲೆ ಮೊಟ್ಟೆಮಾಡೀಲಿ, ಅದೇ ತಾರಸೀಲಿ, ಸೋಲಾರ್ ಇಟ್ಟು ಬೀಗ ಜಡಿದ್ರಲ್ಲ, ಅವತ್ತಿಂದ. ಬಾಲ್ಕನೀಲಿ ಹಾಕಿದ್ರೆ ಮೇಲ್ಮನೆಯವರ ಜೀನ್ಸು ತೊಟ್ಟಿಕ್ಕತ್ತೆ ಕಣೋ. ಯಾರ ಮೈಲಿಗೆಯೋ ಏನೋ. ಇಲ್ಲಿ ನೋಡು, ಸುತ್ತ ಗಾಜು, ಬಾಗಿಲಿಗೆ ಬೀಗ, ಕಾಗೆ ಬರಲ್ಲ, ಜನ ಬರಲ್ಲ. ಬಿಸಿಲಂತೂ ಕುಲುಮೆ. ಮಧ್ಯಾಹ್ನದೊಳಗೆ ಅಪ್ಪಳ ಆಗತ್ತೆ. ನಾಲ್ಕು ಗಂಟೆಗೆ ಕೋಲಲ್ಲೇ ಎತ್ತಿಕೊಂಡು ಹೋಗ್ತೀನಿ."

"ಅಪ್ಪಳ ಆಗತ್ತೆ ಸರಿ. ಆ ನೀರೆಲ್ಲ ಎಲ್ಲಿಗೆ ಹೋಗತ್ತೆ ಅಂತ ಯೋಚನೆ ಮಾಡಿದ್ಯಾ?"

"ನೀನು ಇಂಜಿನಿಯರು. ನಂಗೇನು ತೆರಿಯತ್ತೆ."

ಇಂಜಿನಿಯರಿಗೆ ಆಗ ಎಲ್ಲವೂ ತಿಳಿಯಿತು. ಹಗಲೆಲ್ಲ ಹಬೆಯಾಗಿ ಕಾರಿನೊಳಗೆ ತುಂಬಿದ ನೀರು, ರಾತ್ರಿ ತಣಿದು ಡಿಸ್‌ಪ್ಲೇಯ ಒಳಗೆ ಇಬ್ಬನಿಯಾಗಿ ಕೂರುತ್ತಿತ್ತು. ಬೆಳಗ್ಗೆ ಎಂಟು, ಎಂಟು, ಎಂಟು. ಮರೀನಾಗೆ ಹೋಗಿ ಬರುವಷ್ಟರಲ್ಲಿ ಗಾಳಿಗೆ ಆರಿ ಆರೋಗ್ಯ. ಶನಿವಾರ, ಭಾನುವಾರ ಅವನು ಮನೆಯಲ್ಲಿರುತ್ತಾನೆ, ಬೈದಾನೆಂದು ಜಾನಕಮ್ಮ ಕಾರಿನ ತಂಟೆಗೆ ಬರುವುದಿಲ್ಲ. ಅದಕ್ಕೆ ಬದಲಾಗಿ, ಒಗೆಯದಿದ್ದರೂ ಮಡಿಗೆ ಆಗುವ ರೇಷ್ಮೆಯ ಪಟ್ಟೆಸೀರೆ ಉಡುತ್ತಾರೆ. ಎರಡು ವಾರ ಗೆರೆ ಎಳೆದು ಅವನು ಬರೆದಿಟ್ಟದ್ದು ಕಾರಿನ ಜಾತಕವಲ್ಲ, ತಾಯಿಯ ಸೀರೆಯದು.

"ನನಗೊಂದು ಮಾತು ಹೇಳಬಾರದಿತ್ತಾ?" ಎಂದ ಕಿಟ್ಟು. ದನಿ ಅಳುವಿಗೆ ಹತ್ತಿರವಿತ್ತು.

"ಮೂರು ಸಲ ಹೇಳಿದೀನಿ. ಬಾಲ್ಕನಿ ಒಳಗಡೆ ಎತ್ತರಕ್ಕೆ ಒಂದು ಗಳ ಕಟ್ಟಿಕೊಡೋ ಅಂತ. ಒಂದು ಸಲ ನೀನು ಪೇಪರ್ ಓದ್ತಿದ್ದೆ. ಒಂದು ಸಲ ಆ ಗೀಸರ್ ಬಿಚ್ಚಿಟ್ಟುಕೊಂಡಿದ್ದೆ. ಇನ್ನೊಂದು ಸಲ ಕಾರಿನ ಅಡಿ ಮಲಗಿದ್ದೆ, ಮುಖ ಕಾಣಲಿಲ್ಲ, ಕಾಲಿಗೆ ಹೇಳಿ ಬಂದೆ."

ಹಿಂದೆ ನಿಂತಿದ್ದ ದಿನೇಶ್ ನಗು ತಡೆಯಲಾರದೆ, ಮನೆಯಲ್ಲಿ ಫೋನು ಬಂದಿದೆಯೆಂದು ಒಳಗೆ ಹೋದ. ಕಿಟ್ಟು ಸೀರೆ ತೆಗೆಯಲು ಕೈ ಚಾಚಿದ. ಮುಟ್ಟಿದರೆ ಅವರು ಈ ಬಿಸಿಲಲ್ಲಿ ಮತ್ತೆ ಸ್ನಾನ ಮಾಡಿ ಮತ್ತೆ ಒಗೆಯಬೇಕೆಂದು ನೆನಪಾಗಿ ಕೈ ಹಿಂದಕ್ಕೆ ತೆಗೆದ. ತನ್ನ ಕಾರಿನ ಬಾಗಿಲಲ್ಲಿ ತಾನೇ ಕೈಕಟ್ಟಿ ನಿಂತು, ತಾಯಿ ಸಾವಕಾಶವಾಗಿ ಸೀರೆ ಮಡಿಸಿ, ಎಲೆ ಸುತ್ತಿ, ಕೋಲು ತೆಗೆಯುವುದನ್ನು ನೋಡಿದ. ಕೊನೆಗೆ ಒಪ್ಪಂದವಾಯಿತು. ಎಫ್.ಸಿ. ಮುಗಿಯುವವರೆಗೆ ಜಾನಕಮ್ಮ ದಿನಾ ಪಟ್ಟೆಯೇ ಉಡಬೇಕು. ಗಳದ ಮಾತು ಏನಾಯಿತೆಂದು ಅವರು ಕೇಳಿದ್ದಕ್ಕೆ, ಭಾನುವಾರ ನೋಡೋಣ ಎಂದ ಕಿಟ್ಟು. ನಾಲ್ಕನೆಯ ಸಲ.

ಎರಡು ದಿನ ಒಲೆಯ ಮುಂದೆ ಪಟ್ಟೆ ಉಟ್ಟು ಜಾನಕಮ್ಮ ಬೆಂದರು. ಕಾರು ಒಣಗಿತು. ಶುಕ್ರವಾರ ಬೆಳಗ್ಗೆ ಕೀಲಿ ತಿರುಗಿಸಿದರೆ ಒಂದು ಎಂಟೂ ಇಲ್ಲ. ಕಿಟ್ಟು ಎದೆಯುಬ್ಬಿಸಿಕೊಂಡು ಆರ್.ಟಿ.ಓ. ಮೈದಾನಕ್ಕೆ ಹೋದ. ಏಳುಮಲೈಯೂ ಬಂದಿದ್ದ, ಬೇಡವೆಂದರೂ ಬಂದಿದ್ದ, ಇಂಥವರನ್ನು ಒಂಟಿಯಾಗಿ ಬಿಡಬಾರದೆಂದು ಅವನಿಗೆ ಗೊತ್ತು.

ಬ್ರೇಕ್ ಇನ್ಸ್‌ಪೆಕ್ಟರು ತೆಳ್ಳಗಿನ ಮನುಷ್ಯ, ತಲೆಗೆ ಕರ್ಚೀಫು ಕಟ್ಟಿದ್ದರು. ಬೆಳಗಿನಿಂದ ನಲವತ್ತು ಗಾಡಿ ನೋಡಿ ಅವರ ಮುಖ ಬದನೆಕಾಯಿ ಸುಟ್ಟಂತಾಗಿತ್ತು. ಹಾರನ್ ಹೊಡೆದರು. ದೀಪ ನೋಡಿದರು. ಒಂದು ಸುತ್ತು ಓಡಿಸಿ ಬ್ರೇಕು ತುಳಿದರು. ಮೀಟರು ಓದಿ ಬರೆದುಕೊಂಡರು. ಪೆನ್ನನ್ನು ಸಹಿಯ ಜಾಗಕ್ಕೆ ತಂದು, ಎಲ್ಲರನ್ನೂ ಕೇಳುವ ಹಾಗೆ, ಎಲೆಕ್ಟ್ರಿಕಲ್‌ನಲ್ಲಿ ಏನೂ ತೊಂದರೆ ಇಲ್ಲ ತಾನೇ ಎಂದು ಕೇಳಿದರು.

ಇಲ್ಲ ಎಂಬುದು ಎರಡೇ ಅಕ್ಷರ. ಏಳುಮಲೈ ಕೆಮ್ಮಿದ. ಕಿಟ್ಟುವಿನ ಕಾಲನ್ನೂ ತುಳಿದ. ಆದರೆ ಎರಡು ವಾರ ಹೊಟ್ಟೆಯಲ್ಲಿಟ್ಟುಕೊಂಡ ವಿದ್ಯೆಗೆ ಮೊದಲ ಸಲ ಒಬ್ಬ ತಿಳಿದವರು ಸಿಕ್ಕಿದ್ದರು. ಕಿಟ್ಟು ನಕ್ಕು, ಈಗ ಇಲ್ಲ ಸಾರ್, ಇತ್ತು, ನಾನೇ ಕಂಡುಹಿಡಿದೆ ಎಂದು ಬಾನೆಟ್ಟಿನ ಮೇಲೆ ಚಾರ್ಟು ಹಾಸಿದ. ಕುಂಯ್ ಕುಂಯ್ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ. ಸಾಲಿನಲ್ಲಿದ್ದ ಆಟೋದವರು ಇಳಿದು ಬಂದು ಸುತ್ತ ನಿಂತರು. ಕಾನ್ಸುಲೇಟಿನ ಭಾಗವನ್ನೂ ಅವನು ಬಿಡಲಿಲ್ಲ. ಬಾಳೆಲೆಯವರೆಗೆ ಬರುವಾಗ ಇನ್ಸ್‌ಪೆಕ್ಟರ ಪೆನ್ನು ಮುಚ್ಚಳದೊಳಗೆ ಹೋಗಿತ್ತು.

ಅವರು ಚಾರ್ಟನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಆಮೇಲೆ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದರು. ಈಗ ನಿಮ್ಮ ತಾಯಿ ಸೀರೆಯನ್ನು ಎಲ್ಲಿ ಒಣಗಿಸುತ್ತಾರೆ?

ಕಿಟ್ಟು ಚಾರ್ಟನ್ನು ಮೆಲ್ಲಗೆ ಸುರುಳಿ ಸುತ್ತತೊಡಗಿದ. ಭಾನುವಾರ ನೋಡೋಣ ಅಂದಿದ್ದೇನೆ ಎಂದ, ಬಹಳ ಸಣ್ಣ ದನಿಯಲ್ಲಿ.

ಹಾಗಾದರೆ ಸೋಮವಾರ ಸೀರೆ ಮತ್ತೆ ಗಾಡಿಯೊಳಗೆ, ಮಂಗಳವಾರ ಮೀಟರಿನಲ್ಲಿ ಎಂಟು. ಗೊತ್ತಿದ್ದೂ ಗೊತ್ತಿದ್ದೂ ಐದು ವರ್ಷಕ್ಕೆ ಸಹಿ ಹಾಕಿ ಕೆಲಸ ಕಳೆದುಕೊಳ್ಳಲಾರೆ, ನನಗೆ ಇನ್ನೂ ಸರ್ವೀಸಿದೆ ಎಂದರು ಇನ್ಸ್‌ಪೆಕ್ಟರು. ಫಾರಂ ತಿರುವಿ, ಸರಿಪಡಿಸಬೇಕಾದ ದೋಷಗಳು ಎಂಬ ಕಡೆ ಬರೆದು, ಮೊಹರು ಒತ್ತಿ ಕೊಟ್ಟರು. ಏಳುಮಲೈ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ: ಮಾಲೀಕರು ವಾಹನದ ಹೊರಗೆ ಬಟ್ಟೆ ಒಣಗಿಸುವ ವ್ಯವಸ್ಥೆ ಮಾಡಿ, ಫೋಟೋ ಸಮೇತ ಸೋಮವಾರ ಹಾಜರಾಗತಕ್ಕದ್ದು. ಆಟೋದವರು ಚಪ್ಪಾಳೆ ತಟ್ಟಿದರು.

ಕಿಟ್ಟು ವಾಪಸು ಬರುವ ದಾರಿಯಲ್ಲಿ ಸ್ಟೀಲಿನ ಗಳ ತಂದ, ರಾಟೆ ತಂದ, ಹಗ್ಗ ತಂದ. ದಿನೇಶ್ ಡ್ರಿಲ್ಲಿಂಗ್ ಮೆಷೀನು ತಂದುಕೊಟ್ಟ, ಹೆಣಕ್ಕೆ ಹೆಗಲು ಕೊಡುವವನ ಮುಖ ಮಾಡಿಕೊಂಡು. ಸಂಜೆ ಐದರೊಳಗೆ ಬಾಲ್ಕನಿಯ ಒಳಗಡೆ ಎತ್ತರಕ್ಕೆ ಗಳ ಏರಿತು. ಹರಿಪ್ರಿಯಾ ಫೋಟೋ ತೆಗೆಯಲು ಫೋನು ಎತ್ತಿದಳು. ಸ್ವಲ್ಪ ತಾಳು ಎಂದರು ಜಾನಕಮ್ಮ.

ಅವರು ಗಳದ ಅಡಿಯಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಹಗ್ಗ ಜಗ್ಗಿ ಇಳಿಸಿದರು, ಏರಿಸಿದರು. ಕೋಲಿನಿಂದ ಎರಡು ತುದಿಯನ್ನೂ ತಟ್ಟಿ ಕಿವಿಗೊಟ್ಟರು. ಆಮೇಲೆ ಮಗನಿಗೆ ತಿಳಿಸಿದರು: ಎಡಗಡೆ ವಾಲಿದೆ, ಸೀರೆಯೆಲ್ಲ ಒಂದೇ ಕಡೆ ಜಾರುತ್ತದೆ, ಬಿಚ್ಚು. ಬಿಚ್ಚಿ ಹಾಕಿದ. ಈಗ ಕಟಕಟೆಗೆ ಹತ್ತಿರವಾಯಿತು, ಕಾಗೆ ಮುಟ್ಟುತ್ತದೆ, ಬಿಚ್ಚು. ಮತ್ತೆ ಬಿಚ್ಚಿ ಹಾಕಿದ. ಮೂರನೆಯ ಸಲ ಏನು ತಪ್ಪೆಂದು ಅವರು ಹೇಳಲೂ ಇಲ್ಲ, ತಲೆಯಾಡಿಸಿ ಒಳಗೆ ಹೋಗಿಬಿಟ್ಟರು. ಗೋಡೆಯಲ್ಲಿ ತೂತುಗಳ ಸಂಖ್ಯೆ ಆರಾಗಿತ್ತು. ನಾಲ್ಕನೆಯ ಸಲ ಗಳ ಅವರಿಗೆ ಒಪ್ಪಿಗೆಯಾಗಿ, ಹರಿಪ್ರಿಯಾ ಫೋಟೋ ತೆಗೆದಳು.

ಸೋಮವಾರ ಆರ್.ಟಿ.ಓ. ಮೈದಾನದಲ್ಲಿ ಕಿಟ್ಟು ಐದೇ ನಿಮಿಷದಲ್ಲಿ ಪಾಸಾದ. ಇನ್ಸ್‌ಪೆಕ್ಟರು ಫೋಟೋ ನೋಡಿ, ಗಳ ನೆಟ್ಟಗಿದೆ ಎಂದು ಐದು ವರ್ಷಕ್ಕೆ ಸಹಿ ಹಾಕಿದರು. ಅವನು ಆ ಕಾಗದವನ್ನು ಮನೆಗೆ ತಂದು ತಾಯಿಗೆ ದೂರದಿಂದಲೇ ತೋರಿಸಿದ. ಜಾನಕಮ್ಮ ಒದ್ದೆ ಸೀರೆಯನ್ನು ಗಳದ ಮೇಲೆ ಹರಡುತ್ತ, ಒಂದು ಸಲ ಕಾಗದ ನೋಡಿದರು, ಒಂದು ಸಲ ಗಳ ನೋಡಿದರು.

"ನಾಲ್ಕು ಸಲ ಕೇಳಿದೆ, ಆಗಲಿಲ್ಲ," ಎಂದರು. "ಆ ಇನ್ಸ್‌ಪೆಕ್ಟರ ವಿಳಾಸ ಬರೆದಿಡೋ ಕಿಟ್ಟು. ಅಡಿಗೆಮನೆ ನಲ್ಲಿಯೂ ಸೋರ್ತಿದೆ."